ಬೋರ್ ಮಾಡಿಸಿದ ಕಾರು ಮತ್ತು ‘40 ದಾಟಿಸಬೇಡಿ’ ಅನ್ನೋ ಮಾತು

ಇಂಜಿನ್ ಬೋರಿಗೆ ಬಂದಿದೆ, ಅಂದರೆ ಒಳಗಿನ ಸಿಲಿಂಡರ್ ಸವೆದು ಮತ್ತೆ ಕೊರೆಸೋ ಹಾಗಾಗಿದೆ ಅಂತ ಹೇಳೋಕೆ ಮೆಕ್ಯಾನಿಕ್ಕೇ ಬೇಕಾಗಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಹಿಂದೆ ನೀಲಿ ಹೊಗೆ, ಡಿಪ್‌ಸ್ಟಿಕ್ ಎಳೆದು ನೋಡಿದಾಗೆಲ್ಲ ಆಯಿಲ್ ಕಮ್ಮಿ, ಸಣ್ಣ ಏರು ಬಂದರೂ ಎರಡನೇ ಗೇರಿಗೆ ಇಳಿಯಬೇಕು. ನಮ್ಮ ಮನೆಯ ಕಾರ್ಬ್ಯುರೇಟರ್ ಮಾರುತಿ 800 ಈ ಗತಿಗೆ ಬಂದು ಬಹಳ ದಿನ ಆಗಿತ್ತು. ಮಾರಿದರೆ ಸಿಗೋದು ಗುಜರಿ ಬೆಲೆ, ಮೇಲಾಗಿ ಮಾರೋ ಮನಸ್ಸೂ ಇಲ್ಲ. ಕೊನೆಗೆ ಇಂಜಿನ್ ಇಳಿಸಿ, ಲೇತ್ ಅಂಗಡಿಯಲ್ಲಿ ಬೋರ್ ಮಾಡಿಸಿ, ಓವರ್‌ಸೈಜ್ ಪಿಸ್ಟನ್, ಅದರ ಸುತ್ತ ಕೂರುವ ರಿಂಗು, ಬೇರಿಂಗು ಎಲ್ಲ ಹೊಸದು ಹಾಕಿಸಿ ಮತ್ತೆ ಕೂರಿಸಿದ್ದಾಯಿತು. (ಬ್ಲಾಕ್ ಅದೇ ಇರೋದರಿಂದ ಇಂಜಿನ್ ನಂಬರೂ ಅದೇ. ಬೇರೆ ಕಾರಿನ ಇಂಜಿನ್ ತಂದು ಕೂರಿಸಿದರೆ ಆರ್‌ಟಿಒಗೆ ಹೋಗಿ ಆರ್‌ಸಿಯಲ್ಲಿ ನಂಬರ್ ಬದಲಿಸಬೇಕು, ಅದು ಬೇರೆಯೇ ತಲೆನೋವು.)

ಕಾರು ಕೈಗೆ ಕೊಡುವಾಗ ಮೆಕ್ಯಾನಿಕ್ ಹೇಳಿದ್ದು ಒಂದೇ ಮಾತು. “ಸಾರ್, ಒಂದು ಸಾವಿರ ಕಿಲೋಮೀಟರ್ ತನಕ ನಲವತ್ತು ದಾಟಿಸ್ಬೇಡಿ, ಆಮೇಲೆ ಹೇಗಾದ್ರೂ ಓಡಿಸ್ಕೊಳ್ಳಿ.”

ಈ ಮಾತು ನೀವೂ ಕೇಳಿರುತ್ತೀರಿ. ಇದರಲ್ಲಿ ಅರ್ಧ ಸರಿ, ಅರ್ಧ ತಪ್ಪು. ತಪ್ಪಾಗಿರುವ ಅರ್ಧವೇ ಎಷ್ಟೋ ಒಳ್ಳೆ ಇಂಜಿನ್‌ಗಳನ್ನು ಹೊಗೆ ಕಾರುವ ಹಾಗೆ ಮಾಡಿದೆ ಅನ್ನೋದು ನನ್ನ ಅಭಿಪ್ರಾಯ.

ಮೊದಲು ಒಳಗೆ ಏನು ನಡೆಯುತ್ತದೆ ನೋಡೋಣ. ಬೋರ್ ಮಾಡಿದ ಮೇಲೆ ಸಿಲಿಂಡರ್ ಗೋಡೆಯನ್ನು ಕನ್ನಡಿ ಹಾಗೆ ನುಣ್ಣಗೆ ಬಿಡುವುದಿಲ್ಲ. ಹೋನಿಂಗ್ ಕಲ್ಲು ಹಾಕಿ, ಒಂದನ್ನೊಂದು ಓರೆಯಾಗಿ ದಾಟುವ ಸಣ್ಣ ಗೀರುಗಳನ್ನು ಬೇಕಂತಲೇ ಎಳೆಯುತ್ತಾರೆ. ಆ ಗೀರುಗಳಲ್ಲಿ ಆಯಿಲ್ ನಿಲ್ಲುತ್ತದೆ. ಗೀರುಗಳ ಮಧ್ಯದ ಚೂಪು ತುದಿಗಳು ಹೊಸ ರಿಂಗಿಗೆ ಉಜ್ಜಿ ಉಜ್ಜಿ, ಎರಡೂ ಸವೆದು, ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ರಿಂಗ್ ಕೂರೋದು ಅಂದರೆ ಇದೇ. ಹೊಸದಾಗಿ ಉಳಿ ಹೊಡೆಸಿದ ಒರಳುಕಲ್ಲನ್ನು ನೆನಪು ಮಾಡಿಕೊಳ್ಳಿ. ಮೊದಲು ಒಂದಿಷ್ಟು ಅಕ್ಕಿನುಚ್ಚು ಹಾಕಿ ರುಬ್ಬಿ, ಕಲ್ಲಿನ ಪುಡಿ ಬಂದ ಹಿಟ್ಟನ್ನು ಚೆಲ್ಲಿ, ಆಮೇಲೆ ತಾನೇ ದೋಸೆಗೆ ಹಾಕುತ್ತಿದ್ದದ್ದು? ಇಲ್ಲೂ ಕೆಲಸ ಅದೇ, ಚೆಲ್ಲೋದು ಮಾತ್ರ ಮೊದಲ ಸಲದ ಆಯಿಲ್.

ಇನ್ನು ಆ ರಿಂಗನ್ನು ಗೋಡೆಗೆ ಒತ್ತುವುದು ಯಾವುದು? ರಿಂಗಿಗೆ ತನ್ನದೇ ಬಿಗುವು ಇರುತ್ತದೆ, ಆದರೆ ಅದು ಕಡಿಮೆ. ನಿಜವಾದ ಒತ್ತಡ ಬರೋದು ಪೆಟ್ರೋಲ್ ಉರಿದಾಗ. ಆ ಗ್ಯಾಸು ರಿಂಗಿನ ಹಿಂದಿನ ಸಂದಿಗೆ ನುಗ್ಗಿ ಅದನ್ನು ಹೊರಕ್ಕೆ ತಳ್ಳುತ್ತದೆ. ಆಕ್ಸಿಲರೇಟರ್ ಒತ್ತಿದಷ್ಟೂ ಗ್ಯಾಸಿನ ಒತ್ತಡ ಜಾಸ್ತಿ, ರಿಂಗು ಗೋಡೆಗೆ ಅಂಟಿಕೊಳ್ಳುವುದೂ ಜಾಸ್ತಿ. ಆಕ್ಸಿಲರೇಟರಿಗೆ ಕಾಲು ತಾಗಿಯೂ ತಾಗದ ಹಾಗೆ ಸಾವಿರ ಕಿಲೋಮೀಟರ್ ಓಡಿಸಿದರೆ ರಿಂಗು ಸುಮ್ನೆ ಆಯಿಲ್ ಮೇಲೆ ಜಾರುತ್ತಿರುತ್ತದೆ, ಕೂರುವುದಿಲ್ಲ. ಅಷ್ಟರಲ್ಲಿ ಗೋಡೆ ಮೇಲಿನ ಆಯಿಲ್ ಸುಟ್ಟು, ಗೀರುಗಳೆಲ್ಲ ತುಂಬಿ, ವಾರ್ನಿಷ್ ಹೊಡೆದ ಹಾಗೆ ಮೇಲೆ ಹೊಳಪು ಕಟ್ಟಿಕೊಳ್ಳುತ್ತದೆ. ಒಮ್ಮೆ ಹಾಗಾದರೆ ಮತ್ತೆ ಇಂಜಿನ್ ಬಿಚ್ಚಿ ಹೋನಿಂಗ್ ಮಾಡಿಸೋದು ಬಿಟ್ಟರೆ ದಾರಿಯಿಲ್ಲ.

ಈಗ 40ರ ಮಾತಿಗೆ ಬರೋಣ. 800ರಲ್ಲಿ ಆರ್‌ಪಿಎಂ ಮೀಟರ್ ಇಲ್ಲ. ಗೇರ್ ಅನುಪಾತ, 12 ಇಂಚಿನ ಚಕ್ರ ಎಲ್ಲ ಹಿಡಿದು ಲೆಕ್ಕ ಹಾಕಿದರೆ ಟಾಪ್ ಗೇರಿನಲ್ಲಿ 40 ಅಂದರೆ ಇಂಜಿನ್ ತಿರುಗೋದು ನಿಮಿಷಕ್ಕೆ ಸುಮಾರು 1600 ಸುತ್ತು ಅಷ್ಟೇ. ‘ನಲವತ್ತು ದಾಟಿಸಬಾರದು’ ಅನ್ನೋ ಮಾತನ್ನು ಚಾಚೂ ತಪ್ಪದೆ ಪಾಲಿಸುವವರು ಮಾಡೋದು ಇದನ್ನೇ, ನಾಲ್ಕನೇ ಗೇರಿಗೆ ಹಾಕಿ 40ರಲ್ಲಿ ಗಂಟೆಗಟ್ಟಲೆ ಹೋಗ್ತಾ ಇರೋದು. ಏರು ಬಂದಾಗಲೂ ಗೇರ್ ಇಳಿಸದೆ ಒತ್ತಿದರೆ ಇಂಜಿನ್ ಗುದ್ದಾಡುತ್ತದೆ. ಕಮ್ಮಿ ಸುತ್ತು, ಜಾಸ್ತಿ ಭಾರ. ಹೊಸ ಬೇರಿಂಗಿಗೆ ಇದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಅದೇ 40ನ್ನು ಮೂರನೇ ಗೇರಿನಲ್ಲಿ ಹೋದರೆ 2400 ಹತ್ತಿರ ಇರುತ್ತದೆ, ಇಂಜಿನ್ ಆರಾಮಾಗಿ ಉಸಿರಾಡುತ್ತದೆ. ಅಂದರೆ ನೋಡಬೇಕಾದ್ದು ಸ್ಪೀಡೋಮೀಟರ್ ಅಲ್ಲ, ಗೇರು ಮತ್ತು ಇಂಜಿನ್ ಸದ್ದು.

ಹಾಗಾದರೆ ನಾನು ಮಾಡಿದ್ದೇನು?

ಮೊದಲ ಗಂಟೆ ಅತಿ ಮುಖ್ಯ, ಅಲ್ಲಿ ಓಡಿಸೋದಕ್ಕಿಂತ ನೋಡೋದು ಜಾಸ್ತಿ. ಕಾಯಿಲ್ ವೈರ್ ತೆಗೆದು, ಸ್ಪಾರ್ಕ್ ಪ್ಲಗ್ಗುಗಳನ್ನೂ ಬಿಚ್ಚಿ, ಆಯಿಲ್ ದೀಪ ಆರುವ ತನಕ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಸಿದೆ. ಆಯಿಲ್ ಮೇಲೆ ತಲುಪುವ ಮೊದಲೇ ಇಂಜಿನ್ ಹೊತ್ತಿಕೊಳ್ಳಬಾರದು. ರೇಡಿಯೇಟರಿನ ಗಾಳಿ ಪೂರ್ತಿ ಹೋಗಿದೆಯಾ ಅಂತಲೂ ನೋಡಿದೆ. ಕೂಲೆಂಟ್ ದಾರಿಯಲ್ಲಿ ಗಾಳಿ ಸಿಕ್ಕಿಹಾಕಿಕೊಂಡರೆ ಇಂಜಿನ್ ಅತಿ ಬಿಸಿಯಾಗಿ ಹೆಡ್ ಗ್ಯಾಸ್ಕೆಟ್ ಹೋಯಿತು ಅಂತಲೇ ಲೆಕ್ಕ. ಆಮೇಲೆ ಸ್ಟಾರ್ಟ್. ಲೀಕು, ಟೆಂಪರೇಚರ್ ಮುಳ್ಳು, ಟೈಮಿಂಗ್ ನೋಡಿಕೊಂಡು, ಬಿಸಿ ಆದ ತಕ್ಷಣ ರೋಡಿಗೆ.

ಐಡಲ್‌ನಲ್ಲಿ (ಗಾಡಿ ನಿಂತಲ್ಲೇ, ಆಕ್ಸಿಲರೇಟರ್ ಒತ್ತದೆ) ದಿನವಿಡೀ ಓಡಿಸಿ ಇಂಜಿನ್ ‘ಪಳಗಿಸೋ’ ಪದ್ಧತಿ ಕೆಲವು ಕಡೆ ಈಗಲೂ ಇದೆ. ದಯವಿಟ್ಟು ಬೇಡ. ಐಡಲ್‌ನಲ್ಲಿ ರಿಂಗಿಗೆ ಒತ್ತಡವೇ ಇರುವುದಿಲ್ಲ. ಅದರ ಜೊತೆ ಚೋಕ್ ಎಳೆದಿದ್ದರೆ ಹೆಚ್ಚಾದ ಪೆಟ್ರೋಲು ಗೋಡೆ ಮೇಲಿನ ಆಯಿಲನ್ನು ತೊಳೆದುಬಿಡುತ್ತದೆ.

ಯೂಟ್ಯೂಬಿನಲ್ಲಿ ಇದಕ್ಕೆ ತದ್ವಿರುದ್ಧ ಸಲಹೆಯೂ ಸಿಗುತ್ತದೆ, ಸ್ಟಾರ್ಟ್ ಆದ ಕೂಡಲೇ ನಿಮಿಷಕ್ಕೆ 2000 ಸುತ್ತಿನ ಮೇಲೆ 20 ನಿಮಿಷ ಓಡಿಸಿ ಅಂತ. ಅದು ಹಳೆಯ ಅಮೆರಿಕನ್ ವಿ8ಗಳ ಕಥೆ. ಅವುಗಳಲ್ಲಿ ಕ್ಯಾಮ್ (ವಾಲ್ವುಗಳನ್ನು ತೆರೆಯುವ ದಂಡ) ಕೆಳಗೆ ಬ್ಲಾಕಿನಲ್ಲಿರುತ್ತದೆ, ಕ್ರ್ಯಾಂಕ್ ಜೋರಾಗಿ ತಿರುಗಿ ಎರಚಿದರೆ ಮಾತ್ರ ಅದಕ್ಕೆ ಸರಿಯಾಗಿ ಆಯಿಲ್ ಸಿಗೋದು, ಹೊಸ ಕ್ಯಾಮ್ ಹಾಕಿದರೆ ಅಷ್ಟು ಹೊತ್ತು ಹಾಗೆ ಓಡಿಸಲೇಬೇಕು. ನಮ್ಮ 796 ಸಿಸಿ, ಮೂರು ಸಿಲಿಂಡರಿನ ಇಂಜಿನ್ನಿಗೆ ಕ್ಯಾಮ್ ಇರೋದು ಮೇಲೆ, ಹೆಡ್ಡಿನಲ್ಲಿ. ಜೊತೆಗೆ ನಾವು ಹಳೆಯ ಕ್ಯಾಮ್, ಹಳೆಯ ರಾಕರ್‌ಗಳನ್ನೇ ಅದೇ ಜಾಗಕ್ಕೆ ವಾಪಸ್ ಹಾಕಿದ್ದೆವು. ಅವು ಒಂದಕ್ಕೊಂದು ಹೊಂದಿಕೊಂಡು ಎಷ್ಟೋ ವರ್ಷ ಆಗಿದೆ.

ಶಿವಮೊಗ್ಗದಿಂದ ತೀರ್ಥಹಳ್ಳಿ ರೋಡು ರಿಂಗು ಕೂರಿಸೋ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಗಾಜನೂರು, ಸಕ್ರೆಬೈಲು, ಮಂಡಗದ್ದೆ ಅಂತ ತುಂಗೆಯ ಪಕ್ಕದಲ್ಲೇ ಹೋಗುವ ದಾರಿ. ಸಣ್ಣ ಏರು, ಸಣ್ಣ ಇಳಿಜಾರು, ತಿರುವು, ಹಂಪು. ಒಂದೇ ವೇಗದಲ್ಲಿ ಹೋಗಬೇಕು ಅಂದರೂ ಆಗುವುದಿಲ್ಲ. ಮೂರನೇ ಗೇರಿನಲ್ಲಿ 30ರಿಂದ 50ಕ್ಕೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಆಕ್ಸಿಲರೇಟರ್ ಕೊಟ್ಟು ಎಳೆಸೋದು, ಆಮೇಲೆ ಕಾಲು ಪೂರ್ತಿ ತೆಗೆದು ಗೇರಿನಲ್ಲೇ ಬಿಟ್ಟು ಇಳಿಯೋದು, ಮತ್ತೆ ಎಳೆಸೋದು. ಎಳೆಸುವಾಗ ರಿಂಗು ಒತ್ತುತ್ತದೆ. ಕಾಲು ತೆಗೆದಾಗ ಸಿಲಿಂಡರಿನಲ್ಲಿ ವ್ಯಾಕ್ಯೂಮ್ ಆಗಿ ಗೋಡೆಗೆ ಆಯಿಲ್ ಏರುತ್ತದೆ, ಸವೆದ ಪುಡಿ ತೊಳೆದು ಹೋಗುತ್ತದೆ. ಈ ಆಟದ ಬಹುಪಾಲು ಮೊದಲ 100–150 ಕಿಲೋಮೀಟರಿನಲ್ಲೇ ಮುಗಿಯಬೇಕು. ಆಗುಂಬೆ ಘಾಟಿ ಮಾತ್ರ ಆಗಲೇ ಬೇಡ. ಉದ್ದದ ಏರಿನಲ್ಲಿ ಇಂಜಿನ್ನಿಗೆ ತಣ್ಣಗಾಗಲು ಬಿಡುವು ಸಿಗುವುದಿಲ್ಲ. ಹೈವೇಯೂ ಬೇಡ, 60ರಲ್ಲಿ ಅಲುಗಾಡದ ಕಾಲು ಐಡಲ್‌ನ ತಮ್ಮ ಇದ್ದ ಹಾಗೆ.

ಹಿಂದೆ ಬರುವ ಗಾಡಿಯವರ ಹಾರ್ನ್ ಬಗ್ಗೆ ಒಂದು ಮಾತು. ಹಿಂದೆ ಇಂಗ್ಲೆಂಡಿನಲ್ಲಿ ಹೊಸ ಕಾರಿನ ಹಿಂದಿನ ಗಾಜಿಗೆ ‘ರನ್ನಿಂಗ್ ಇನ್, ಪ್ಲೀಸ್ ಪಾಸ್’ ಅಂತ ಚೀಟಿ ಅಂಟಿಸಿಕೊಂಡು ಓಡಾಡುತ್ತಿದ್ದರಂತೆ. ನಮ್ಮ ಕಡೆ ಅಂಥದ್ದು ಅಂಟಿಸಿದರೆ ಅದನ್ನು ಓದೋಕೆ ಅಂತಲೇ ಬಂಪರಿಗೆ ಬಂದು ಅಂಟಿಕೊಳ್ಳುತ್ತಾರೆ. ಎಡಕ್ಕೆ ಸರಿದು ಬಿಟ್ಟುಕೊಡೋದೇ ವಾಸಿ.

ಆಯಿಲ್ ವಿಷಯದಲ್ಲಿ ಜಿಪುಣತನ ಬೇಡ, ಶೋಕಿಯೂ ಬೇಡ. ಸಿಂಥೆಟಿಕ್ ಹಾಕಬೇಡಿ, ಅದರ ಜಾರುವ ಗುಣ ಈಗ ನಮಗೆ ಬೇಡದ ಗುಣ. ಮಾಮೂಲಿ ಮಿನರಲ್ 20ಡಬ್ಲ್ಯೂ40 ಸಾಕು. ಮೊದಲ ಆಯಿಲನ್ನು 100 ಕಿಲೋಮೀಟರ್ ಚಿಲ್ಲರೆಗೆ ತೆಗೆಸಿದೆ, ಫಿಲ್ಟರ್ ಸಮೇತ. ಮೆಕ್ಯಾನಿಕ್ಕಿಗೆ ಇಷ್ಟ ಆಗಲಿಲ್ಲ. “ಇನ್ನೂ ಜೇನುತುಪ್ಪ ಇದ್ದಂಗಿದೆ ಸಾರ್, ಸುಮ್ನೆ ದುಡ್ಡು ಹಾಳು” ಅಂದರು. ಡಬ್ಬಿಯನ್ನು ಬಿಸಿಲಿಗೆ ಹಿಡಿದು ಓರೆ ಮಾಡಿ ತೋರಿಸಿದೆ, ಒಳಗೆ ಬೆಳ್ಳಿ ಬಣ್ಣದ ಸಣ್ಣ ಪುಡಿ ಮಿಂಚುತ್ತಿತ್ತು. ಅಷ್ಟು ಇರೋದು ಸಹಜ. ಬೆರಳಿಗೆ ಒರಟಾಗಿ ಸಿಗುವ ಚೂರುಗಳಿದ್ದರೆ ಮಾತ್ರ ಗಾಬರಿಯಾಗಬೇಕು. ಎರಡನೇ ಸಲ 500ಕ್ಕೆ, ಮೂರನೇ ಸಲ 1000ಕ್ಕೆ ಬದಲಿಸಿದರೆ ಆಯಿತು. ಮೂರು ಸಲದ ಆಯಿಲ್ ಖರ್ಚು ಎಲ್ಲ ಸೇರಿಸಿದರೂ ಬೋರಿಂಗ್ ಬಿಲ್ಲಿನ ಮುಂದೆ ಏನೂ ಅಲ್ಲ.

ಶೋರೂಮಿನಿಂದ ಹೊಸ ಕಾರು ತಂದವರು ಇಷ್ಟೆಲ್ಲ ಮಾಡಬೇಕಾ ಅಂದರೆ, ಬೇಡ. ಫ್ಯಾಕ್ಟರಿಯಲ್ಲಿ ಹೋನಿಂಗ್ ಆದ ಮೇಲೆ ಇನ್ನೊಂದು ನಯವಾದ ಕಲ್ಲಿನಿಂದ ಚೂಪು ತುದಿಗಳನ್ನು ಮೊದಲೇ ತೆಗೆದಿರುತ್ತಾರೆ. ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಹೇಳಿದಷ್ಟು ಮಾಡಿ, ಸಾಕು.

ಹಳೆ ಕಾರ್ಬ್ಯುರೇಟರ್ ಗಾಡಿಯವರು ಮಾತ್ರ ಇನ್ನೊಂದು ವಿಷಯ ಗಮನಿಸಿ. ಈಗ ಬಂಕಿನಲ್ಲಿ ಸಿಗೋದು 20% ಎಥನಾಲ್ ಬೆರೆತ ಪೆಟ್ರೋಲ್. ಎಥನಾಲಿನಲ್ಲೇ ಆಮ್ಲಜನಕ ಇರೋದರಿಂದ ಗಾಳಿ-ಪೆಟ್ರೋಲ್ ಮಿಶ್ರಣ ತೆಳ್ಳಗಾಗುತ್ತದೆ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಮ್ಮಿಯಾಗುತ್ತದೆ. ಇಂಜೆಕ್ಷನ್ ಕಾರು ಸೆನ್ಸರ್ ನೋಡಿ ಸ್ವಲ್ಪ ಮಟ್ಟಿಗೆ ತಾನೇ ಸರಿ ಮಾಡಿಕೊಳ್ಳುತ್ತದೆ, ಕಾರ್ಬ್ಯುರೇಟರಿಗೆ ಆ ಬುದ್ಧಿ ಇಲ್ಲ. ತೆಳ್ಳಗಿನ ಮಿಶ್ರಣ ಅಂದರೆ ಬಿಸಿ ಜಾಸ್ತಿ, ಅದೂ ರಿಂಗು ಇನ್ನೂ ಕೂರದ ಹೊತ್ತಿನಲ್ಲಿ. ಪ್ಲಗ್ ಬಿಚ್ಚಿ ಬಣ್ಣ ನೋಡಿ. ಇಟ್ಟಿಗೆ ಕಂದು ಇದ್ದರೆ ಸರಿ, ಬಿಳುಚಿಕೊಂಡಿದ್ದರೆ ಜೆಟ್ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿನ ಭಾಗ) ಕಡೆ ನೋಡಬೇಕು. ನನ್ನದು ಬಿಳುಚಿಕೊಂಡಿತ್ತು, ಒಂದು ಸೈಜ್ ದೊಡ್ಡ ಜೆಟ್ ಹುಡುಕುತ್ತಾ ಇದ್ದೇನೆ. ಹಳೆ ಪೆಟ್ರೋಲ್ ಪೈಪುಗಳನ್ನೂ ಅದೇ ದಿನ ಬದಲಿಸಿಬಿಡಬೇಕು, ಎಥನಾಲಿಗೆ ಹಳೆಯ ರಬ್ಬರ್ ಬಿರುಕು ಬಿಡುತ್ತದೆ. ಹೊಗೆ ನಿಂತಿದೆ, ಡಿಪ್‌ಸ್ಟಿಕ್ಕಿನ ಗೆರೆ ಕೆಳಗಿಳಿದಿಲ್ಲ, ಜೆಟ್ ಸಿಕ್ಕಿದ ಮೇಲೆ ಆಗುಂಬೆ ಏರಿಗೂ ಹಾಕಿ ನೋಡೋದಿದೆ.