ಗುಮಟೆಯವರ ಹೆಸರು ರೆಕಾರ್ಡಿನ ಮೇಲೆ

ಕಾರವಾರದ ಕೋಡಿಬಾಗದಲ್ಲಿ ಹೌಸ್ ಮ್ಯೂಸಿಕ್ (ಮಷಿನ್ ಬೀಟಿನ ಮೇಲೆ ಕಟ್ಟುವ ಕ್ಲಬ್ ಕುಣಿತದ ಸಂಗೀತ) ರೆಕಾರ್ಡ್ ಹೊರತರುವ ಒಂದು ಲೇಬಲ್ ಇದೆ ಅಂದರೆ ಊರಿನವರೇ ನಂಬಲಿಕ್ಕಿಲ್ಲ. ಬೋರ್ಡಿಲ್ಲ, ಆಫೀಸಿಲ್ಲ. ಕಾಳಿ ನದಿ ಸಮುದ್ರ ಸೇರುವ ಕಡೆ, ತೆಂಗಿನ ಮರಗಳ ನಡುವೆ ಒಂದು ಹಂಚಿನ ಮನೆ. ಅದರ ಹಿಂದಿನ ಕೋಣೆಯಲ್ಲಿ ನನ್ನ ಗೆಳೆಯ ರೆಕಾರ್ಡ್ ತಿರುಗಿಸುವ ಎರಡು ಟರ್ನ್‌ಟೇಬಲ್, ಅವುಗಳ ಸದ್ದು ಬೆರೆಸುವ ಒಂದು ಮಿಕ್ಸರ್, ಒಂದು ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದಾನೆ. ಲೇಬಲ್ ಅಂದರೆ ಅಷ್ಟೇ. ಮೊದಲ ರೆಕಾರ್ಡ್ ಬರುವ ತನಕ ಹೆಸರು ಎಲ್ಲೂ ಬರೆಯಬೇಡ ಅಂದಿದ್ದಾನೆ, ಬರೆಯುವುದಿಲ್ಲ. ಹೋಳಿ ಹೊತ್ತಿಗೆ ಬಾ, ಅಂಕೋಲಾ ಕಡೆ ಸುಗ್ಗಿ ಕುಣಿತ ನೋಡೋಣ, ಗುಮಟೆ (ಮಣ್ಣಿನ ಚರ್ಮವಾದ್ಯ) ರೆಕಾರ್ಡ್ ಮಾಡೋದಿದೆ ಅಂತ ಕರೆದ. ಬೆಂಗಳೂರಿನಿಂದ ರಾತ್ರಿ ಪಂಚಗಂಗಾ ರೈಲು ಹತ್ತಿದೆ.

ಕಾರವಾರ ಸ್ಟೇಷನ್ ಇರುವುದು ಶಿರವಾಡದಲ್ಲಿ, ಪೇಟೆಯಿಂದ ಸ್ವಲ್ಪ ಒಳಗೆ. ಗೆಳೆಯ ಸ್ಕೂಟರ್ ತಂದಿದ್ದ. ಮನೆಗೆ ಹೋಗುವ ಮೊದಲು ಕಾಳಿ ಸೇತುವೆ ಹತ್ತಿರ ನಿಲ್ಲಿಸಿದ. ಹಳೆಯ ಸೇತುವೆ 2024ರ ಆಗಸ್ಟ್‌ನಲ್ಲಿ ನಡುರಾತ್ರಿ ಕುಸಿದು ಬಿತ್ತು. ಆಚೆ ದಡದಲ್ಲಿ ಸದಾಶಿವಗಡ, ಅದರಾಚೆ ಮಾಜಾಳಿ, ಆಮೇಲೆ ಗೋವಾ. ಇಲ್ಲಿಯ ಹುಡುಗರು ಡಾನ್ಸ್ ಮ್ಯೂಸಿಕ್ ಅಂದರೆ ಗೋವಾ ಕಡೆ ಕೈ ತೋರಿಸುತ್ತಾರೆ. ಅಂಜುಣ ಬೀಚಿನ ಟ್ರಾನ್ಸ್ ಪಾರ್ಟಿಗಳ ಕಥೆ ಎಲ್ಲರಿಗೂ ಗೊತ್ತು. ಆದರೆ ನನ್ನ ಗೆಳೆಯನಿಗೆ ಬೇಕಾದ್ದು ಟ್ರಾನ್ಸ್ ಅಲ್ಲ, ಹೌಸ್. ನನಗೂ ಅಷ್ಟೇ.

ಮಧ್ಯಾಹ್ನ ಅವನ ಆಯಿ ಬಂಗುಡೆ ಸಾರು, ಅನ್ನ, ಸೋಲ್ ಕಡಿ ಬಡಿಸಿದರು. ಉಂಡ ಮೇಲೆ ಹಿಂದಿನ ಕೋಣೆ ಸೇರಿದೆವು. ಅವನು ಒಂದು 12 ಇಂಚಿನ ರೆಕಾರ್ಡ್ ತೆಗೆದು ಕಿಟಕಿ ಬೆಳಕಿಗೆ ಹಿಡಿದ. ಈ ಅಳತೆಯ ತಟ್ಟೆಯಲ್ಲಿ ಒಂದು ಬದಿಗೆ ಒಂದೋ ಎರಡೋ ಹಾಡು ಮಾತ್ರ. ಜಾಗ ಜಾಸ್ತಿ ಸಿಗುವುದರಿಂದ ಗೆರೆಗಳನ್ನು ಅಗಲವಾಗಿ ಕೊರೆಯಬಹುದು. ತಗ್ಗು ಸ್ವರದ ಬೇಸ್ ಗಟ್ಟಿಯಾಗಿ ಬರುತ್ತದೆ. ಬೆಳಕಿನಲ್ಲಿ ನೋಡಿದರೆ ಹಾಡಿನ ಯಾವ ಭಾಗದಲ್ಲಿ ಡ್ರಮ್ ಬಿಟ್ಟುಹೋಗುತ್ತದೆ ಅನ್ನುವುದೂ ಕಾಣುತ್ತದೆ, ಅಲ್ಲಿ ಗೆರೆಯ ಬಣ್ಣ ಸ್ವಲ್ಪ ಬದಲಾಗುತ್ತದೆ. ಡಿಜೆಗಳು ಕತ್ತಲಲ್ಲಿ ಸಣ್ಣ ಟಾರ್ಚ್ ಹಿಡಿದು ನೋಡುವುದು ಇದನ್ನೇ.

ಹೌಸ್ ಹುಟ್ಟಿದ್ದು ಶಿಕಾಗೋದಲ್ಲಿ. 1977ರಲ್ಲಿ ಅಲ್ಲಿ ವೇರ್‌ಹೌಸ್ ಅನ್ನುವ ಕ್ಲಬ್ ಶುರುವಾಯಿತು. ನ್ಯೂಯಾರ್ಕಿನಿಂದ ಬಂದ ಫ್ರಾಂಕಿ ನಕಲ್ಸ್ ಅಲ್ಲಿ ರೆಕಾರ್ಡ್ ಹಾಕುತ್ತಿದ್ದರು. ಬರುತ್ತಿದ್ದವರಲ್ಲಿ ಹೆಚ್ಚಿನವರು ಕಪ್ಪು ಜನ, ಲ್ಯಾಟಿನೋಗಳು, ಸಲಿಂಗಿಗಳು. ಬೇರೆ ಕಡೆ ಬಾಗಿಲಲ್ಲೇ ತಡೆಯುತ್ತಿದ್ದರೆ ಇಲ್ಲಿ ಬೆಳಗಿನ ತನಕ ಕುಣಿಯಬಹುದಿತ್ತು. 1979ರ ಜುಲೈ 12ರಂದು ಅದೇ ಊರಿನ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೋ ರೆಕಾರ್ಡ್‌ಗಳನ್ನು ರಾಶಿ ಹಾಕಿ ಸ್ಫೋಟಿಸಿದರು. ಡಿಸ್ಕೋ ಮುಗಿಯಿತು ಅಂತ ದೊಡ್ಡ ಕಂಪನಿಗಳು ಕೈ ತೊಳೆದುಕೊಂಡವು. ಕುಣಿಯುವವರು ಮಾತ್ರ ಬಿಡಲಿಲ್ಲ. ಮಾರಾಟವಾಗದೆ ಅಗ್ಗಕ್ಕೆ ಸಿಗುತ್ತಿದ್ದ ಡ್ರಮ್ ಮಷಿನ್ ತಂದು, ಮನೆಯಲ್ಲೇ ಬೀಟ್ ಕಟ್ಟಿ ಕ್ಯಾಸೆಟ್ಟಿಗೆ ಇಳಿಸಿ ಕ್ಲಬ್ಬಿಗೆ ತರುತ್ತಿದ್ದರು. 1984ರಲ್ಲಿ ಜೆಸ್ಸಿ ಸಾಂಡರ್ಸ್ ತಮ್ಮದೇ ಪುಟ್ಟ ಲೇಬಲ್‌ನಲ್ಲಿ ತಂದದ್ದನ್ನು ಮೊದಲ ಹೌಸ್ ರೆಕಾರ್ಡುಗಳ ಸಾಲಿಗೆ ಸೇರಿಸುತ್ತಾರೆ. ಆಮೇಲೆ ಟ್ರ್ಯಾಕ್ಸ್, ಡಿಜೆ ಇಂಟರ್‌ನ್ಯಾಷನಲ್ ಅನ್ನುವ ಲೇಬಲ್‌ಗಳು ಬಂದವು. ಅವು ಇಲ್ಲದಿದ್ದರೆ ಈ ಸಂಗೀತ ಆ ಊರು ದಾಟುತ್ತಲೇ ಇರಲಿಲ್ಲ.

ಆದರೆ ಗೆಳೆಯ ಹೇಳಲು ಹೊರಟಿದ್ದು ಇದರ ಇನ್ನೊಂದು ಮಗ್ಗುಲು. ಲ್ಯಾರಿ ಹರ್ಡ್ ಅನ್ನುವ ಕಲಾವಿದರು 1986ರಲ್ಲಿ ಟ್ರ್ಯಾಕ್ಸ್‌ನಿಂದ ತಂದ ಹಾಡುಗಳನ್ನು ಇವತ್ತಿಗೂ ಜಗತ್ತು ಕುಣಿಯುತ್ತಾ ಕೇಳುತ್ತದೆ. ಅವರು, ಗಾಯಕ ರಾಬರ್ಟ್ ಓವೆನ್ಸ್ ಇಬ್ಬರೂ ತಮಗೆ ರಾಯಲ್ಟಿ ಬರಲಿಲ್ಲ ಅಂತ 2020ರಲ್ಲಿ ಆ ಲೇಬಲ್ ಮೇಲೆ ಕೇಸು ಹಾಕಿದರು. 2022ರಲ್ಲಿ ರಾಜಿಯಾಗಿ ಹಾಡುಗಳ ಹಕ್ಕು ಅವರ ಕೈಗೆ ವಾಪಸ್ ಬಂತು. ಮೂವತ್ತು ವರ್ಷಕ್ಕೂ ಮೇಲೆ! ಸಣ್ಣ ಲೇಬಲ್ ಅಂದ ಮಾತ್ರಕ್ಕೆ ಕಲಾವಿದನ ಪಾಲಿಗೆ ಒಳ್ಳೆಯದೇ ಆಗುತ್ತದೆ ಅಂತೇನಿಲ್ಲ. "ಚಲೋ ಲೇಬಲ್ ಅಂದ್ರೆ ಎರಡೇ ಕೆಲಸ. ಹೆಸರು ಸರಿ ಬರೀಬೇಕು, ಹಣ ಸರಿ ಕೊಡ್ಬೇಕು" ಅಂದ ಅವನು. ಸಂಗೀತ ಆರಿಸುವುದು ಆಮೇಲಿನ ಮಾತು ಅಂತ ನನಗೂ ಅನ್ನಿಸುತ್ತದೆ.

ನಮ್ಮ ಕಡೆಯದೂ ಒಂದು ಕಥೆ ಇದೆ. ಚರಣ್‌ಜಿತ್ ಸಿಂಗ್ ಮುಂಬೈ ಸಿನಿಮಾ ವಾದ್ಯಗೋಷ್ಠಿಗಳಲ್ಲಿ ನುಡಿಸುತ್ತಿದ್ದವರು. 1982ರಲ್ಲಿ ಬೀಟ್, ಬೇಸ್ ನುಡಿಸುವ ರೋಲ್ಯಾಂಡ್ ಕಂಪನಿಯ ಎರಡು ಹೊಸ ಮಷಿನ್, ಒಂದು ಸಿಂಥಸೈಸರ್ ಕೀಬೋರ್ಡ್ ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ಬೀಟಿಗೆ ಕೂರಿಸಿ ಒಂದು ರೆಕಾರ್ಡ್ ತಂದರು. ಯಾರೂ ಕೊಳ್ಳಲಿಲ್ಲ. ಅದೇ ಮಷಿನ್‌ಗಳ ಅದೇ ಗುಳುಗುಳು ಸದ್ದು ಶಿಕಾಗೋದಲ್ಲಿ ಆಸಿಡ್ ಹೌಸ್ ಅಂತ ಹೆಸರಾದದ್ದು 1987ರ ಹೊತ್ತಿಗೆ. 2010ರಲ್ಲಿ ನೆದರ್‌ಲ್ಯಾಂಡ್ಸ್‌ನ ಒಂದು ಸಣ್ಣ ಲೇಬಲ್ ಸಿಂಗ್ ಅವರ ರೆಕಾರ್ಡನ್ನು ಮತ್ತೆ ಹೊರತಂದಿತು. ಆಗ ಜನ ಬಾಯಿ ಬಿಟ್ಟು ಕೇಳಿದರು. ಮುದಿ ವಯಸ್ಸಿನಲ್ಲಿ ಅವರು ಯುರೋಪಿಗೆ ಹೋಗಿ ನುಡಿಸಿದರು, 2015ರಲ್ಲಿ ತೀರಿಕೊಂಡರು. ತಡವಾಗಿಯಾದರೂ ಸರಿ, ಹೆಸರು ಹುಡುಕಿ ತಂದದ್ದು ಒಂದು ಸಣ್ಣ ಲೇಬಲ್.

ಮರುದಿನ ಅಂಕೋಲಾ. ಎಡಕ್ಕೆ ಗುಡ್ಡ, ಬಲಕ್ಕೆ ಆಗಾಗ ಕಡಲು. ಹಾಲಕ್ಕಿ ಒಕ್ಕಲಿಗರ ಊರುಗಳಲ್ಲಿ ಹೋಳಿ ಮುಂದಿನ ದಿನಗಳಲ್ಲಿ ಸುಗ್ಗಿ ಮೇಳ ಹೊರಡುತ್ತದೆ. ನಾವು ಹೋದ ಕೊಪ್ಪದಲ್ಲಿ, ಅಂದರೆ ಅವರ ಕೇರಿಯಲ್ಲಿ, ಮೇಳ ಆಗಲೇ ವೇಷ ಕಟ್ಟಿತ್ತು. ತಲೆ ಮೇಲೆ ಬಣ್ಣದ ಹೂವು, ಹಕ್ಕಿ ಸಿಕ್ಕಿಸಿದ ಎತ್ತರದ ತುರಾಯಿ, ಕೈಯಲ್ಲಿ ಕೋಲು, ನವಿಲುಗರಿಯ ಕುಂಚ. ಅಂಗಳದಲ್ಲಿ ಸುತ್ತು ಕಟ್ಟಿ ಕುಣಿಯುತ್ತಾರೆ. ಬಿಸಿಲಿಗೆ ನೆಲ ಕಾದಿತ್ತು, ಯಾರಿಗೂ ಅದರ ಪರಿವೆ ಇರಲಿಲ್ಲ.

ನನ್ನ ಕಣ್ಣು ಮಾತ್ರ ಗುಮಟೆ ಬಾರಿಸುವ ಅಜ್ಜನ ಕೈ ಮೇಲೆ. ಗುಮಟೆ ಮಣ್ಣಿನದು, ಎರಡು ಬಾಯಿ. ದೊಡ್ಡ ಬಾಯಿಗೆ ಚರ್ಮ ಬಿಗಿದಿರುತ್ತದೆ. ಹಿಂದೆ ಉಡದ ಚರ್ಮ ಹಾಕುತ್ತಿದ್ದರು, ಉಡ ಸಂರಕ್ಷಿತ ಪ್ರಾಣಿಯಾದ್ದರಿಂದ ಈಗ ಆಡಿನ ಚರ್ಮ. ಇನ್ನೊಂದು ಸಣ್ಣ ಬಾಯಿ ತೆರೆದೇ ಇರುತ್ತದೆ. ಬಲಗೈ ಬೆರಳು ಚರ್ಮದ ಮೇಲೆ ಬಿದ್ದಾಗ ಎಡ ಅಂಗೈ ಆ ಸಣ್ಣ ಬಾಯನ್ನು ಮುಚ್ಚುತ್ತದೆ, ಒಂಚೂರು ತೆರೆಯುತ್ತದೆ, ಪೂರ್ತಿ ಬಿಡುತ್ತದೆ. ಮುಚ್ಚಿದಾಗ ಸದ್ದು ಒಳಗೇ ಗುಮ್ ಅನ್ನುತ್ತದೆ. ಬಿಟ್ಟಾಗ ಹೊರಗೆ ಚಿಮ್ಮುತ್ತದೆ. ಹೌಸ್ ಡಿಜೆ ಮಿಕ್ಸರ್ ಮೇಲಿನ ಫಿಲ್ಟರ್ ನಾಬ್ ತಿರುಗಿಸಿ ಹಾಡನ್ನು ಮಸುಕು ಮಾಡಿ, ಕುಣಿಯುವವರು ಕಾದು ಕಾದು ಸಾಕಾದಾಗ ಪೂರ್ತಿ ಬಿಡುತ್ತಾನಲ್ಲ, ಅದೇ ಕೆಲಸ ಇಲ್ಲಿ ಒಂದು ಅಂಗೈ ಮಾಡುತ್ತಿತ್ತು. ಗೆಳೆಯ ಇದನ್ನು ಮೊದಲೇ ಗಮನಿಸಿದ್ದ. ಹಾಗಾಗಿ ಎರಡು ಮೈಕ್ ತಂದಿದ್ದ, ಒಂದು ಚರ್ಮದ ಕಡೆಗೆ, ಇನ್ನೊಂದು ಹಿಂದಿನ ಬಾಯಿಗೆ.

ಮೈಕ್ ಚಾಲೂ ಮಾಡುವ ಮೊದಲು ಜಗಲಿಯಲ್ಲಿ ಕೂತು ಮಾತುಕತೆಯಾಯಿತು. ಕನ್ನಡದಲ್ಲಿ ಬರೆದ ಒಂದು ಕಾಗದವನ್ನು ಗೆಳೆಯ ನಿಧಾನಕ್ಕೆ ಓದಿದ. ಸ್ವತಂತ್ರ ಲೇಬಲ್‌ಗಳಲ್ಲಿ ಒಂದು ಹಳೆಯ ರೂಢಿ ಇದೆ: ಖರ್ಚು ಕಳೆದು ಉಳಿದದ್ದು ಲೇಬಲ್‌ಗೆ ಅರ್ಧ, ಕಲಾವಿದರಿಗೆ ಅರ್ಧ. ಇವನು ಲೇಬಲ್‌ನ ಪಾಲು ಕಡಿಮೆ ಮಾಡಿ ಮೇಳಕ್ಕೇ ಅರ್ಧ ಅಂತ ಬರೆದಿದ್ದ, ಉಳಿದ ಅರ್ಧದಲ್ಲಿ ಬೀಟ್ ಕಟ್ಟುವವನೂ ಲೇಬಲ್ಲೂ. ಹಾಡು ಮಾರುವ ಜಾಲತಾಣ ಬ್ಯಾಂಡ್‌ಕ್ಯಾಂಪ್‌ನಲ್ಲಿ ಮಾರಿದರೆ ಅವರು ಡಿಜಿಟಲ್ ಹಾಡಿನ ಮೇಲೆ 15% ಹಿಡಿಯುತ್ತಾರೆ ಅನ್ನುವುದನ್ನೂ ಬಿಡಿಸಿ ಹೇಳಿದ. ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ಹಾಡಿದವರಿಗೆ, ಬಾರಿಸಿದವರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷ ಹಕ್ಕಿದೆ. ಅವರ ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡುವಂತಿಲ್ಲ. ಜಾನಪದ ಅಂದ ಕೂಡಲೇ ಇದು ಯಾರದ್ದೂ ಅಲ್ಲ, ಸುಮ್ನೆ ಎತ್ತಿಕೊಳ್ಳಬಹುದು ಅನ್ನುವವರು ಬಹಳ. ಹಾಡು ಊರಿನದು ಇರಬಹುದು, ಬಾರಿಸಿದ ಕೈ ಒಬ್ಬರದು ಅಲ್ವಾ?

ಇದೇ ಅಂಕೋಲಾದ ಬಡಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು. ಕಳೆದುಹೋಗಲಿದ್ದ ಎಷ್ಟೋ ಹಾಡು ಅವರ ಬಾಯಲ್ಲಿ ಉಳಿದಿದ್ದವು. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಅವರ ಹೆಸರು ನಾಡಿಗೆಲ್ಲ ಗೊತ್ತಾಯಿತು, ಅದು ದೊಡ್ಡ ಸಂತೋಷ. ಉಳಿದ ಅಂಗಳಗಳಲ್ಲಿ ಹಾಡುವವರ ಹೆಸರೂ ಎಲ್ಲಾದರೂ ಬರೆದಿರಬೇಕು ಅನ್ನುವುದು ನನ್ನ ಆಸೆ.

ಅಜ್ಜ ಕಾಗದ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕೇಳಿದ್ದು ಹಣದ ವಿಷಯ ಅಲ್ಲ. "ನಿಮ್ಮ ಮಷಿನ್ನು ಒಂದೇ ಸಮ ಹೊಡೀತದೆ. ನಮ್ದು ಹಾಂಗಲ್ಲ ತಮ್ಮಾ. ಎಂತ ಮಾಡ್ತ್ರಿ?" ಅಂದರು. ಆ ಪ್ರಶ್ನೆಗೆ ಅಲ್ಲಿ ನಮ್ಮ ಹತ್ತಿರ ಉತ್ತರ ಇರಲಿಲ್ಲ. ರೆಕಾರ್ಡಿಂಗ್ ಸಂಜೆ ತನಕ ನಡೆಯಿತು.

ಗೋಕರ್ಣದಲ್ಲಿ ಒಂದು ರಾತ್ರಿ ನಿಂತೆವು. ಕುಡ್ಲೆ, ಓಂ ಬೀಚ್ ಚೆಂದವೇ. ಆದರೆ ಕಡಲ ದಂಡೆಯ ಶ್ಯಾಕು ಹೋಟೆಲುಗಳಲ್ಲಿ ಹಾಕುವ ಸಂಗೀತ ಯಾರದು ಅಂತ ಕೇಳಿದರೆ ಹಾಕಿದವರಿಗೂ ಗೊತ್ತಿರಲಿಲ್ಲ. ನನಗೆ ಬೇಜಾರಾಯಿತು. ರಾತ್ರಿ 10ಕ್ಕೆ ಧ್ವನಿವರ್ಧಕ ಬಂದ್, ಅದು ನಿಯಮ. ನಾವೂ ಮಲಗಿದೆವು.

ಕುಮಟಾ ಹೆದ್ದಾರಿ ಬದಿಯಲ್ಲಿ ಸಿಹಿ ಈರುಳ್ಳಿಯ ಜಡೆಗಳನ್ನು ತೂಗುಹಾಕಿ ಮಾರುತ್ತಿದ್ದರು. ಬೆಂಗಳೂರಿಗೆ ಒಂದು ಜಡೆ ಕೊಂಡುಕೊಂಡೆ. ಅಲ್ಲಿಂದ ದೇವಿಮನೆ ಘಟ್ಟ ಹತ್ತಿ ಶಿರಸಿ. ಸೆಕೆ ಹಿಂದೆ ಬಿತ್ತು, ಅಡಿಕೆ ತೋಟದ ತಂಪು ಶುರುವಾಯಿತು.

ಬೀಟ್ ಕಟ್ಟುವ ಹುಡುಗ ಇರುವುದು ಶಿರಸಿ ಹತ್ತಿರದ ಒಂದು ಒಂಟಿ ಮನೆಯಲ್ಲಿ. ಅವನ ಅಮ್ಮ ಬಾಗಿಲಲ್ಲೇ "ಆಸರಿಗೆ ಎಂತ ಅಡ್ಡಿಲ್ಲೆ?" ಅಂತ ಕೇಳಿ, ನಾವು ಹೇಳುವ ಮೊದಲೇ ಮಜ್ಜಿಗೆ ತಂದರು. ಮೆತ್ತಿನ (ಅಟ್ಟದ) ಮೇಲೆ, ಅಡಿಕೆ ಚೀಲಗಳ ಪಕ್ಕ ಅವನ ಸ್ಟುಡಿಯೋ. ಗುಮಟೆ ಕೇಳಿಸಿದೆವು. ಅವನು ಕಂಪ್ಯೂಟರಿನಲ್ಲಿ ವೇಗ ಅಳೆದು ನೋಡಿದ. ಶುರುವಿನಲ್ಲಿ ಒಂದು ವೇಗ, ಹಾಡು ಏರಿದ ಹಾಗೆ ಇನ್ನೊಂದು. ಹೌಸ್ ಸಾಮಾನ್ಯವಾಗಿ ನಿಮಿಷಕ್ಕೆ 120ರಿಂದ 130 ಬೀಟ್, ಶುರುವಿನಿಂದ ಕೊನೆ ತನಕ ಒಂದೇ ಸಮ. ಒಂದು ಬಟನ್ ಒತ್ತಿದರೆ ಗುಮಟೆಯನ್ನೂ ಸಾಫ್ಟ್‌ವೇರ್ ನೇರ ಮಾಡಿಬಿಡುತ್ತದೆ. ಎಲ್ಲರೂ ಮಾಡುವುದು ಹಾಗೇ. ಒಮ್ಮೆ ಮಾಡಿಯೂ ನೋಡಿದ. ಅಜ್ಜನ ಕೈ ಕಾಣೆಯಾಗಿ ಬರೀ ಮಡಕೆ ಸದ್ದು ಉಳಿಯಿತು.

ಆಗ ಗೆಳೆಯ ಹಳೆಯ ಡಿಜೆಗಳ ವಿಷಯ ತೆಗೆದ. ವೇರ್‌ಹೌಸ್‌ನಲ್ಲಿ ಹಾಕುತ್ತಿದ್ದ ಎಷ್ಟೋ ಡಿಸ್ಕೋ ರೆಕಾರ್ಡುಗಳಲ್ಲಿ ಡ್ರಮ್ ಬಾರಿಸಿದ್ದು ಮನುಷ್ಯರೇ. ವೇಗ ಆಚೀಚೆ ಆಗುತ್ತಿತ್ತು. 1979ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಟರ್ನ್‌ಟೇಬಲ್‌ನಲ್ಲಿ ವೇಗವನ್ನು 8% ಮೇಲೆ ಕೆಳಗೆ ಮಾಡುವ ಜಾರುಗುಂಡಿ ಇತ್ತು. ಡಿಜೆ ಅದರ ಮೇಲೆ ಬೆರಳಿಟ್ಟು, ಕಿವಿಯಲ್ಲೇ ಕೇಳಿ, ಎರಡು ರೆಕಾರ್ಡ್ ಜೊತೆಗೆ ಓಡಿಸುತ್ತಿದ್ದ. ಹುಡುಗ ಸ್ವಲ್ಪ ಹೊತ್ತು ಯೋಚಿಸಿ ಕೆಲಸ ತಿರುಗಿಸಿದ. ಗುಮಟೆಯನ್ನು ಮುಟ್ಟಲಿಲ್ಲ. ಅದರ ಏರಿಳಿತವನ್ನು ಪೆಟ್ಟು ಪೆಟ್ಟಿಗೂ ಗುರುತು ಹಾಕಿ, ಡ್ರಮ್ ಮಷಿನ್ನೇ ಅದರ ಹಿಂದೆ ಹೋಗುವ ಹಾಗೆ ಮಾಡಿದ. ಕಿಕ್ ಡ್ರಮ್ಮಿನ ದಪ್ಪ ಪೆಟ್ಟು ಬಿದ್ದಾಗ ಮೆತ್ತಿನ ಹಲಗೆ ಅದುರಿತು. ಅಜ್ಜ ಅಂಗೈ ಬಿಟ್ಟಲ್ಲೆಲ್ಲ ಹಾಡು ತೆರೆದುಕೊಂಡಿತು. ಇಷ್ಟು ಖುಷಿ ನನಗೆ ಯಾವ ದೊಡ್ಡ ಕ್ಲಬ್ಬಿನಲ್ಲೂ ಆಗಿರಲಿಲ್ಲ.

ಅಂಕೋಲಾಕ್ಕೆ ಫೋನ್ ಹಚ್ಚಿ ಕೇಳಿಸಿದೆವು. ಅಜ್ಜ ಪೂರ್ತಿ ಕೇಳಿ "ಅಡ್ಡಿಲ್ಲ" ಅಂದರು. ಆಮೇಲೆ ಹೆಸರುಗಳ ಪಟ್ಟಿ ಓದಿ ಹೇಳಲು ಹೇಳಿದರು. ಓದಿದಾಗ ಇಬ್ಬರು ಬಿಟ್ಟುಹೋಗಿದ್ದರು: ಜಾಗಟೆ ಹಿಡಿದಿದ್ದ ಹುಡುಗ, ಹಿಂದಿನಿಂದ ಸೊಲ್ಲು ಎತ್ತಿಕೊಡುತ್ತಿದ್ದ ಒಬ್ಬರು. ಅವರನ್ನೂ ಸೇರಿಸಿದೆವು. ರೆಕಾರ್ಡಿನ ನಡುವಿನ ಕಾಗದ 10 ಸೆಂಟಿಮೀಟರ್ ಅಗಲ, ಮೇಳದವರೆಲ್ಲರ ಹೆಸರು ಅಲ್ಲಿ ಹಿಡಿಯುವುದಿಲ್ಲ. ಹಾಗಾಗಿ ನಡುವೆ ಊರಿನ ಹೆಸರು, ಕವರಿನ ಹಿಂದೆ ದೊಡ್ಡ ಕನ್ನಡ ಅಕ್ಷರದಲ್ಲಿ ಪ್ರತಿಯೊಬ್ಬರ ಹೆಸರು ಅಂತ ತೀರ್ಮಾನವಾಗಿದೆ. ಮೊದಲು 300 ಪ್ರತಿ ಹೊಡೆಸುತ್ತಾರೆ. ಅದರಲ್ಲಿ ಮೇಳದ ಮನೆಗೆ ಒಂದೊಂದು, ಜೊತೆಗೆ ಕೊಪ್ಪದಲ್ಲಿ ಎಲ್ಲರೂ ಕೂತು ಕೇಳಲು ಒಂದು ಟರ್ನ್‌ಟೇಬಲ್ ಕೊಡುವುದು ಅಂತ ಕಾಗದದಲ್ಲಿ ಹೊಸದಾಗಿ ಸೇರಿಸಿದ್ದಾರೆ.