ಕೂಳೆ ಹೊಲದಲ್ಲಿ ಬಿದ್ದ ನಟ್ಟು

12 ಜನವರಿ 2025, ಭಾನುವಾರ
ಮಾಗಡಿ ಹತ್ತಿರದ ನಮ್ಮೂರು

ಸಂಕ್ರಾಂತಿಗೆಂದು ಮೊನ್ನೆಯೇ ಊರಿಗೆ ಬಂದಿದ್ದೇನೆ. ಬ್ಯಾಗು ಕೆಳಗಿಡುವ ಮೊದಲೇ ಅಕ್ಕನ ಮಗ "ಮಾವ, ಟ್ರಕ್ ತಂದಿದ್ದೀಯಾ?" ಅಂತ ಕೇಳಿದ್ದ. ತಂದಿದ್ದೆ. 1:10 ಅಳತೆಯ ರಿಮೋಟ್ ಮಾನ್‌ಸ್ಟರ್ ಟ್ರಕ್. ಇವತ್ತು ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಇಬ್ಬರೂ ರಾಗಿ ಕೊಯ್ದ ಹೊಲಕ್ಕೆ ಹೋದೆವು. ಹತ್ತು ನಿಮಿಷವೂ ಆಗಿರಲಿಲ್ಲ, ಅವನು ಪೂರ್ತಿ ಥ್ರಾಟಲ್ ಒತ್ತಿದ, ಬಲಗಡೆಯ ಹಿಂದಿನ ಚಕ್ರ ಕಳಚಿ ಬದುವಿನವರೆಗೂ ಉರುಳಿಕೊಂಡು ಹೋಯಿತು. ಟ್ರಕ್ಕು ಮೂರು ಚಕ್ರದಲ್ಲಿ ಗಿರಕಿ ಹೊಡೆದು ಬೋರಲಾಯಿತು.

ಚಕ್ರ ಸಿಕ್ಕಿತು. ನಟ್ಟು ಎಲ್ಲಿ? ಕೂಳೆಯ ಮಧ್ಯೆ 7 ಮಿಲಿಮೀಟರಿನ ನಟ್ಟು ಕಣ್ಣಿಗೆ ಬೀಳುವುದಿಲ್ಲ. ಹಳೇ ರೇಡಿಯೋ ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿ, ಟ್ರಕ್ ಓಡಿದ ಜಾಡಿನಲ್ಲೇ ಎಳೆದುಕೊಂಡು ನಡೆದೆವು. ಅರ್ಧ ಗಂಟೆಯ ಮೇಲೆ ಕಬ್ಬಿಣದ ಪುಡಿ ಮೆತ್ತಿಕೊಂಡ ಅಯಸ್ಕಾಂತಕ್ಕೆ ನಟ್ಟು ಅಂಟಿಕೊಂಡು ಬಂತು. ಹುಡುಗ ಕುಣಿದುಬಿಟ್ಟ. ನನಗೂ ಅಷ್ಟೇ ಖುಷಿಯಾಯಿತು, ಏಕೆಂದರೆ ಚಕ್ರ ಯಾಕೆ ಹೋಯಿತು ಅನ್ನುವುದನ್ನು ಆ ನಟ್ಟೇ ಹೇಳಬೇಕಿತ್ತು.

ಈ ಅಳತೆಯ ಗಾಡಿಗಳಲ್ಲಿ ಚಕ್ರ ಕೂರುವ ರೀತಿ ಸರಳ. ಆಕ್ಸಲಿಗೆ ಅಡ್ಡಲಾಗಿ ತೂತು, ಅದರಲ್ಲಿ 2 ಮಿ.ಮೀ. ಪಿನ್ನು. ಪಿನ್ನಿನ ಮೇಲೆ 12 ಮಿ.ಮೀ.ನ ಆರು ಮೂಲೆಯ ಹೆಕ್ಸ್ ಹಬ್ ಕೂರುತ್ತದೆ. ಹೆಕ್ಸ್ ಮೇಲೆ ರಿಮ್ಮು, ಹೊರಗಿನಿಂದ ಎಂ4, ಅಂದರೆ 4 ಮಿ.ಮೀ. ಥ್ರೆಡ್ಡಿನ ಲಾಕ್ ನಟ್ಟು. ಚಕ್ರ ತಿರುಗಿಸುವ ಕೆಲಸ ಪಿನ್ನು ಮತ್ತು ಹೆಕ್ಸಿನದು. ಎಲ್ಲವನ್ನೂ ಒತ್ತಿ ಹಿಡಿಯುವುದಷ್ಟೇ ನಟ್ಟಿನದು. ಲಾಕ್ ನಟ್ಟಿನ ಹೊರಬಾಯಿಯಲ್ಲಿ ನೈಲಾನಿನ ಒಂದು ಬಳೆ ಇರುತ್ತದೆ. ಆಕ್ಸಲಿನ ಥ್ರೆಡ್ಡು ಆ ಬಳೆಯನ್ನು ಕೊರೆದುಕೊಂಡು ಹೋದರೆ ಮಾತ್ರ ಅದು ಲಾಕ್ ನಟ್ಟು. ಇಲ್ಲದಿದ್ದರೆ ಮಾಮೂಲಿ ನಟ್ಟು.

ಸಿಕ್ಕಿದ ನಟ್ಟನ್ನು ಬಿಸಿಲಿಗೆ ಹಿಡಿದು ನೋಡಿದೆ. ನೈಲಾನ್ ಬಳೆ ಹೊಸದರಂತೆ ನುಣ್ಣಗಿತ್ತು, ಥ್ರೆಡ್ಡಿನ ಒಂದು ಗೆರೆಯೂ ಬಿದ್ದಿರಲಿಲ್ಲ. ಎದೆ ಧಸಕ್ಕೆಂದಿತು. ತಪ್ಪು ನನ್ನದೇ. ಹೋದ ತಿಂಗಳು ಗಾಡಿ ಅಗಲವಾಗಿ ಕಾಣಲಿ, ತಿರುವಿನಲ್ಲಿ ಮಗುಚದಿರಲಿ ಅಂತ ಹಿಂದಿನ ಎರಡು ಚಕ್ರಕ್ಕೆ ಅಲ್ಯೂಮಿನಿಯಂ ಹೆಕ್ಸ್ ಹಾಕಿದ್ದೆ. ಮೊದಲಿದ್ದ ಪ್ಲಾಸ್ಟಿಕ್ಕಿನದು 6 ಮಿ.ಮೀ. ದಪ್ಪ, ಇದು 9. ರಿಮ್ಮು 3 ಮಿ.ಮೀ. ಹೊರಗೆ ಬಂತು, ನಟ್ಟಿಗೆ ಸಿಗುವ ಥ್ರೆಡ್ಡು ಅಷ್ಟೇ ಕಮ್ಮಿಯಾಯಿತು. ಎಂ4 ಥ್ರೆಡ್ಡು ಒಂದು ಸುತ್ತಿಗೆ 0.7 ಮಿ.ಮೀ. ಅಂದರೆ ನಾಲ್ಕು ಸುತ್ತಿನ ಹಿಡಿತ ಹೋಯಿತು. ಸ್ಪ್ಯಾನರಿನಲ್ಲಿ ಬಿಗಿ ಮಾಡಿದಾಗ ಕೈಗೆ ಗಟ್ಟಿಯಾಗಿಯೇ ಸಿಕ್ಕಿತ್ತು, ಆದರೆ ಆಕ್ಸಲಿನ ತುದಿ ನೈಲಾನನ್ನು ಮುಟ್ಟಿಯೇ ಇರಲಿಲ್ಲ.

ಬಲಗಡೆಯದ್ದೇ ಕಳಚಿದ್ದಕ್ಕೂ ಕಾರಣವಿದೆ. ಬಲಗಡೆಯಿಂದ ನಿಂತು ನೋಡಿದರೆ ಗಾಡಿ ಮುಂದೆ ಹೋಗುವಾಗ ಚಕ್ರ ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ. ಥ್ರಾಟಲ್ ಒತ್ತಿದಾಗ ಆಕ್ಸಲ್ ಮುಂದೆ ಜಿಗಿಯುತ್ತದೆ, ಭಾರದ ಟೈರು ಕೂದಲೆಳೆಯಷ್ಟು ಹಿಂದೆ ಉಳಿಯುತ್ತದೆ, ತನಗೆ ಒತ್ತಿಕೊಂಡ ನಟ್ಟನ್ನು ಬಿಚ್ಚುವ ಕಡೆಗೇ ಎಳೆಯುತ್ತದೆ. ಎಡಗಡೆ ಇದೇ ಕೆಲಸ ಬ್ರೇಕ್ ಹಾಕಿದಾಗ ಆಗುತ್ತದೆ. ನೈಲಾನ್ ಹಿಡಿದಿದ್ದರೆ ಈ ಎಳೆತ ಲೆಕ್ಕಕ್ಕೇ ಬರುತ್ತಿರಲಿಲ್ಲ.

ಜಗಲಿಯ ಮೇಲೆ ಎಲ್ಲ ಬಿಚ್ಚಿ ಹರವಿಕೊಂಡು ಕೂತಿದ್ದಾಗ ಅಪ್ಪ ಬಂದು ಚಕ್ರ ಕೈಗೆತ್ತಿಕೊಂಡರು. "ಇದ್ಕೂ ಕಡಾಣಿ ಐತೇನಪ್ಪಾ?" ಅಂದರು. ನಟ್ಟು ತೋರಿಸಿದೆ. ನಮ್ಮ ಮನೆಯಲ್ಲಿ ಎತ್ತಿನ ಗಾಡಿ ಇದ್ದ ಕಾಲದಲ್ಲಿ ಅಪ್ಪ ನೊಗ ಕಟ್ಟುವ ಮುಂಚೆ ಎರಡೂ ಕಡೆ ಸುತ್ತಿ ಬಂದು ಚಕ್ರ ಕಳಚದಂತೆ ಅಚ್ಚಿನ ತುದಿಗೆ ಹಾಕುವ ಕಡಾಣಿಯನ್ನು ಬೆರಳಿನಲ್ಲಿ ಅಲ್ಲಾಡಿಸಿ ನೋಡುತ್ತಿದ್ದರು. ಕತ್ತಲಲ್ಲೇ ಹೊರಡುವುದಿದ್ದರೂ ತಪ್ಪಿಸಿದವರಲ್ಲ. ಚಕ್ರದ ನಡುವಿನ ಗುಂಬದಲ್ಲಿ ಕೀಲೆಣ್ಣೆ ಒಂದು ದಿನ ಕಮ್ಮಿಯಾದರೆ ಗಾಡಿ ಕಿರುಗುಟ್ಟಿ ಹೇಳುತ್ತದೆ, ಕಡಾಣಿ ಹೇಳದೇ ಹೋಗುತ್ತದೆ ಅಂತ ಇವತ್ತು ಮೊಮ್ಮಗನಿಗೂ ಹೇಳಿದರು.

ಮಧ್ಯಾಹ್ನ ಪೇಟೆಗೆ ಹೋಗಿ ಎಂಟು ಹೊಸ ಲಾಕ್ ನಟ್ಟು ತಂದೆ. ಹಳೆಯ ನಾಲ್ಕನ್ನೂ ಎಸೆದೆ. ಮುಂದಿನ ಎರಡು ಎಷ್ಟೋ ಸಲ ಬಿಚ್ಚಿ ಹಾಕಿ ಸವೆದು, ನೈಲಾನ್ ದಾಟಿಯೂ ಬೆರಳಿನಲ್ಲೇ ತಿರುಗುತ್ತಿದ್ದವು. ಬೆರಳಿಗೆ ಬಗ್ಗುವ ಲಾಕ್ ನಟ್ಟನ್ನು ಇಟ್ಟುಕೊಳ್ಳಬಾರದು. ಥ್ರೆಡ್ಡು ಸಡಿಲವಾಗದಂತೆ ಹಿಡಿಯುವ ಅಂಟು, ಥ್ರೆಡ್ ಲಾಕರ್, ಹಾಕಿದರಾಯಿತು ಅಂತ ಹಲವರು ಹೇಳುತ್ತಾರೆ. ಅಲ್ಯೂಮಿನಿಯಂ ಹೆಕ್ಸನ್ನು ಆಕ್ಸಲಿಗೆ ಬಿಗಿಯುವ ಪುಟ್ಟ ಸ್ಕ್ರೂಗೆ ನೀಲಿ ಬಣ್ಣದ್ದು ಒಂದು ಹನಿ ಸರಿ, ಲೋಹಕ್ಕೆ ಲೋಹ. ಚಕ್ರದ ನಟ್ಟಿಗೆ ನಾನು ಹಾಕುವುದಿಲ್ಲ. ಆ ದ್ರವ ಹರಿದು ಪಾಲಿಕಾರ್ಬೊನೇಟ್, ಎಬಿಎಸ್ ಥರದ ಪ್ಲಾಸ್ಟಿಕ್ಕಿಗೆ ತಾಗಿದರೆ ಬಿರುಕು ಬಿಡುತ್ತದೆ. ಕೆಂಪು ಬಣ್ಣದ್ದನ್ನಂತೂ ಇಲ್ಲಿ ಮುಟ್ಟಲೇಬಾರದು, ಕಾಯಿಸದೆ ಬಿಚ್ಚುವುದಕ್ಕೆ ಆಗುವುದಿಲ್ಲ.

9ರ ಹೆಕ್ಸ್ ತೆಗೆದು 6ರದ್ದನ್ನೇ ಮತ್ತೆ ಕೂರಿಸಿದೆ. ಪಿನ್ನು ಜಾರಿ ಮಣ್ಣಿಗೆ ಬೀಳದಂತೆ ತೂತಿಗೆ ಚೂರು ಗ್ರೀಸು ಮೆತ್ತಿದೆ. ನಟ್ಟು ಬಿಗಿ ಮಾಡಿದ್ದು ಹುಡುಗ. "ಇನ್ನೂ ತಿರುಗಿಸ್ಲಾ ಮಾವ?" ಅಂದ. ಬೇಡ ಅಂದೆ, ಜಾಸ್ತಿ ಬಿಗಿದರೆ ರಿಮ್ಮಿನ ಪ್ಲಾಸ್ಟಿಕ್ ನುಗ್ಗಾಗುತ್ತದೆ. ನೈಲಾನ್ ಬಳೆಯಾಚೆ ಎರಡು ಸುತ್ತು ಥ್ರೆಡ್ಡು ಹೊರಗೆ ಕಾಣುತ್ತಿದೆಯಾ ಅಂತ ನಾಲ್ಕು ಚಕ್ರದಲ್ಲೂ ಅವನ ಕೈಯಲ್ಲೇ ಟಾರ್ಚ್ ಬಿಡಿಸಿ ನೋಡಿಸಿದೆ. ಆಮೇಲೆ ಅಕ್ಕನ ಉಗುರುಬಣ್ಣ ಇಸಕೊಂಡು, ನಟ್ಟಿನಿಂದ ಆಕ್ಸಲಿನ ತುದಿಗೆ ಒಂದೊಂದು ಕೆಂಪು ಗೆರೆ ಎಳೆದೆವು. ನಟ್ಟು ಕದಲಿದರೆ ಗೆರೆ ಮುರಿಯುತ್ತದೆ.

ಸಂಜೆ ಎರಡು ಬ್ಯಾಟರಿ ಖಾಲಿಯಾಗುವವರೆಗೆ ಅದೇ ಹೊಲದಲ್ಲಿ ಓಡಿಸಿದೆವು. ಗೆರೆ ನಾಲ್ಕೂ ನೆಟ್ಟಗಿವೆ. ಎಡಗಡೆ ಹಿಂದಿನ ಪ್ಲಾಸ್ಟಿಕ್ ಹೆಕ್ಸಿನಲ್ಲಿ ಪಿನ್ನು ಕೂರುವ ಕಚ್ಚು ಸ್ವಲ್ಪ ಅಗಲವಾಗಿದೆ, ಹಬ್ಬ ಮುಗಿಸಿ ಬೆಂಗಳೂರಿಗೆ ಹೋದ ಮೇಲೆ 6 ಮಿ.ಮೀ.ನದೇ ಅಲ್ಯೂಮಿನಿಯಂ ಜೋಡಿ ತರಬೇಕು.