ಮೊದಲ ಸಾಲಿನಲ್ಲೇ ನಿಂತುಹೋದ ಪ್ರಾರ್ಥನೆ

ಯೇಸು ಶಿಷ್ಯರಿಗೆ ಕಲಿಸಿದ ಕರ್ತನ ಪ್ರಾರ್ಥನೆಯನ್ನು ಎಷ್ಟು ಬೇಗ ಹೇಳಿ ಮುಗಿಸುತ್ತೇವೆ ಅಲ್ವಾ? ಬಾಯಿಗೆ ಅಷ್ಟು ರೂಢಿಯಾಗಿಬಿಟ್ಟಿದೆ. ನಾನಂತೂ ಎಷ್ಟೋ ವರ್ಷ "ನಮ್ಮ ಅನುದಿನದ ಆಹಾರ" ಎನ್ನುವಲ್ಲಿಗೆ ಬಂದ ಮೇಲೆಯೇ ಮನಸ್ಸಿಟ್ಟು ಹೇಳುತ್ತಿದ್ದೆ, ಯಾಕೆಂದರೆ ಅಲ್ಲಿಂದ ಮುಂದೆ ನನ್ನ ಅಗತ್ಯಗಳ ಮಾತು. ಆದರೆ ಬೈಬಲಿನ ಮತ್ತಾಯ 6ನೇ ಅಧ್ಯಾಯದಲ್ಲಿ ಯೇಸು ಕಲಿಸಿದ ಕ್ರಮ ನೋಡಿ. ಮೊದಲು ನಿನ್ನ ನಾಮ, ನಿನ್ನ ರಾಜ್ಯ, ನಿನ್ನ ಚಿತ್ತ. ಆಹಾರ ಆಮೇಲೆ.

ಕೆಲವು ತಿಂಗಳ ಹಿಂದೆ ಒಂದು ಬೆಳಿಗ್ಗೆ ಮೊಣಕಾಲೂರಿ "ನಿನ್ನ ನಾಮವು ಪರಿಶುದ್ಧವೆಂದು ಎಣಿಸಲ್ಪಡಲಿ" ಎನ್ನುತ್ತಿದ್ದೆ. ಪಕ್ಕದಲ್ಲಿದ್ದ ಮೊಬೈಲ್ ಬೆಳಗಿತು. ಮನೆಗೆ ಬಣ್ಣ ಹೊಡೆದವರ ಮೆಸೇಜ್. "ಬಾಕಿ ದುಡ್ಡು ಇವತ್ತು ಆಗುತ್ತಾ ಮೇಡಂ?" ಕೇಳುತ್ತಿದ್ದದ್ದು ಮೂರನೇ ಸಲ. ಖಾತೆಯಲ್ಲಿ ದುಡ್ಡಿತ್ತು. ಸುಮ್ನೆ ನಾಳೆ ಕೊಟ್ಟರಾಯಿತು ಅಂತ ತಳ್ಳಿಕೊಂಡು ಬಂದಿದ್ದೆ. ಮೊಬೈಲನ್ನು ಮಗುಚಿಟ್ಟು ಮುಂದಿನ ಸಾಲು ಹೇಳಲು ನೋಡಿದೆ, ನಾಲಿಗೆ ಏಳಲಿಲ್ಲ.

ನೆನಪಿಗೆ ಬಂದದ್ದು ಬೈಬಲಿನ ಯಾಜಕಕಾಂಡ ಪುಸ್ತಕದ 19ನೇ ಅಧ್ಯಾಯ. ನಾನು ಪರಿಶುದ್ಧನು, ನೀವೂ ಪರಿಶುದ್ಧರಾಗಿರಬೇಕು ಎಂದು ದೇವರು ಹೇಳುವುದರಿಂದಲೇ ಆ ಅಧ್ಯಾಯ ಶುರುವಾಗುತ್ತದೆ. ಇಷ್ಟು ದೊಡ್ಡ ಮಾತಾದ ಮೇಲೆ ಬರೀ ಗುಡಿ, ಯಜ್ಞಗಳ ವಿಚಾರವೇ ಇರಬಹುದು ಅಂದುಕೊಂಡರೆ, ಹೊಲದ ಅಂಚಿನ ಬೆಳೆಯನ್ನು ಬಡವರಿಗೆ ಬಿಡಿ, ಕೂಲಿಯವನ ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬೇಡಿ, ಕುರುಡನ ಮುಂದೆ ಎಡವುವಂಥದ್ದನ್ನು ಇಡಬೇಡಿ, ತಕ್ಕಡಿ ಸರಿಯಿರಲಿ ಎಂದು ಒಂದರ ಹಿಂದೊಂದು ಬರುತ್ತವೆ. ಪ್ರವಾದಿ ಯೆಶಾಯ ದರ್ಶನದಲ್ಲಿ ಕಂಡ ಸೆರಾಫಿಯರೆಂಬ ದೇವದೂತರು ಮೂರು ಸಲ "ಪರಿಶುದ್ಧನು" ಎಂದು ಕೂಗಿದ್ದು ಈ ದೇವರನ್ನೇ. ಆತನ ಪರಿಶುದ್ಧತೆ ಕೂಲಿಯವನ ಸಂಜೆಯ ಊಟದವರೆಗೂ ಇಳಿದು ಬರುತ್ತದೆ ಅನ್ನುವುದು ನನಗೆ ಇವತ್ತಿಗೂ ಬೆರಗು.

ನಮ್ಮಿಂದ ದೇವರ ಹೆಸರು ಹೆಚ್ಚು ಪರಿಶುದ್ಧವಾಗುವುದಿಲ್ಲ, ಅದು ನಿಜ. ಆದರೆ ಆ ಹೆಸರಿಗೆ ಕಳಂಕ ತರುವುದು ನಮ್ಮಿಂದ ಆಗುತ್ತದೆ. ಪ್ರವಾದಿ ಯೆಹೆಜ್ಕೇಲನ ಪುಸ್ತಕದ 36ನೇ ಅಧ್ಯಾಯದಲ್ಲಿ ದೇವರು ಇಸ್ರಾಯೇಲ್ಯರಿಗೆ ಹೇಳುವುದು ಇದನ್ನೇ: ನೀವು ಹೋದ ಕಡೆಯೆಲ್ಲ ನನ್ನ ಹೆಸರು ಕೆಟ್ಟಿತು. ಬಣ್ಣ ಹೊಡೆಯಲು ಬಂದವರು ನಮ್ಮ ಹಾಲ್‌ನ ಗೋಡೆಯ ಮೇಲಿದ್ದ ಬೈಬಲ್ ವಚನದ ಚೌಕಟ್ಟನ್ನು ಜೋಪಾನವಾಗಿ ಇಳಿಸಿ, ಒರೆಸಿ, ಬಣ್ಣ ಒಣಗಿದ ಮೇಲೆ ಅದೇ ಜಾಗಕ್ಕೆ ತೂಗುಹಾಕಿ ಹೋಗಿದ್ದರು. ಅಂಥವರನ್ನು ನಾನು ಮೂರು ಸಲ ಕೇಳುವಂತೆ ಮಾಡಿದ್ದೆ. ಎದ್ದು ದುಡ್ಡು ಕಳಿಸಿ, ತಡವಾಯ್ತು, ಕ್ಷಮಿಸಿ ಅಂತ ಬರೆದೆ.

"ನಿನ್ನ ರಾಜ್ಯವು ಬರಲಿ" ಎನ್ನುವುದಂತೂ ಇನ್ನೂ ಕಷ್ಟ. ರಾಜ್ಯ ಅಂದರೆ ಅಲ್ಲಿ ರಾಜನ ಮಾತು ನಡೆಯಬೇಕು. ಹಿಟ್ಟಿನಲ್ಲಿ ಕಲಸಿದ ಹುಳಿಯ ಹಾಗೆ ಅದು ಹರಡುತ್ತದೆ ಎಂದು ಯೇಸು ಹೇಳಿದ್ದಾನೆ, ಅಂದರೆ ಒಂದು ಮೂಲೆಯನ್ನು ಮಾತ್ರ ನನಗೆ ಬಿಡು ಅನ್ನುವ ಹಾಗಿಲ್ಲ. ನಾನು ಹಾಗೆ ಬಚ್ಚಿಟ್ಟ ಮೂಲೆ ನನ್ನ ತಮ್ಮ. ಅಮ್ಮನನ್ನು ನೋಡಿಕೊಳ್ಳುವ ವಿಚಾರದಲ್ಲಿ ಮಾತಿಗೆ ಮಾತು ಬೆಳೆದು ಎಂಟು ತಿಂಗಳಾಯಿತು, ತಪ್ಪು ಜಾಸ್ತಿ ಯಾರದ್ದು ಎಂದು ಲೆಕ್ಕ ಹಾಕುವುದರಲ್ಲೇ ಕಳೆದೆ. ದೇವರಿಗೆ ತಂದ ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ಸಹೋದರನೊಂದಿಗೆ ಒಂದಾಗು ಎಂದ ಯೇಸು ಆ ಲೆಕ್ಕ ಕೇಳಿಲ್ಲ.

ನಿನ್ನೆ ರಾತ್ರಿ ಫೋನ್ ಮಾಡಿದೆ. ಅವನು ಎತ್ತಲಿಲ್ಲ. ಇವತ್ತು ಮತ್ತೆ ಮಾಡುತ್ತೇನೆ.